ರಾಣಿ ಹೆತ್ತ ಮರಿಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಜಾತಿಯನ್ನು ನಂಬದ ನಾನು ಒಮ್ಮೆ ಜಾತಿ ನಾಯಿಯನ್ನು ಕೊಂಡವಳು. ಕೊಂಡದ್ದಷ್ಟೇ ಅಲ್ಲ, ಅದರ ಅಜ್ಜ ಮುತ್ತಜ್ಜಂದಿರ ಹೆಸರುಗಳಿದ್ದ ನೀಲಿ ಕಾಗದವೊಂದನ್ನು ಮಡಿಕೆ ಬೀಳದಂತೆ ನಿಘಂಟಿನ ನಡುವೆ ಇಟ್ಟು ಮನೆಗೆ ತಂದವಳು. ನನ್ನ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಎರಡೂ ಮನೆತನಗಳ ಕುಲಗೋತ್ರದ ಸುಳಿವು ಎಲ್ಲಿಯೂ ಇರಕೂಡದೆಂದು ಹಟ ಹಿಡಿದು, ಅಚ್ಚುಕೂಟದವರಿಂದ ಮೂರು ಸಲ ಪ್ರೂಫ್ ತಿದ್ದಿಸಿದ್ದೆ. ಅದೇ ನಾನು, ನಾಯಿಯ ವಿಷಯಕ್ಕೆ ಬಂದಾಗ, ಐದು ತಲೆಮಾರು ವಿಚಾರಿಸಿದೆ. 'ತಾಯಿಯ ಕಡೆಯವರು ಎಲ್ಲಿಯವರು?' ಎಂದು ಕೇಳಿದ ನೆನಪೂ ಇದೆ. ಮುಂಬಾಗಿಲಿನಿಂದ ಹೊರಗಟ್ಟಿದ ಮೂಢನಂಬಿಕೆ ಬಾಲ ಅಲ್ಲಾಡಿಸುತ್ತ ಹಿತ್ತಿಲಿನಿಂದ ಒಳಗೆ ಬರಬಲ್ಲದೆಂಬುದು ಆಗ ನನಗೆ ಹೊಳೆದಿರಲಿಲ್ಲ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಕಾಲಿಡುತ್ತಿದ್ದ ದಿನಗಳವು. ತುಮಕೂರು ಆಗ ಸತ್ಯಮಂಗಲದ ದಿಕ್ಕಿಗೆ ಮೈ ಚಾಚುತ್ತಿತ್ತು. ನಾವು ಆ ಕಡೆಯ ಹೊಸ ಬಡಾವಣೆಯೊಂದರಲ್ಲಿ ಬಾಡಿಗೆಗಿದ್ದೆವು. ನಮ್ಮ ಮನೆಯವರು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದವರು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಉಪಾಧ್ಯಾಯಿನಿ. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ಹಾಗಾಗಿ ಪ್ರತಿಯೊಬ್ಬರಿಗೂ ಕಳ್ಳರ ಭಯ, ಆ ಭಯದಿಂದಾಗಿ ಪ್ರತಿಯೊಬ್ಬರಿಗೂ ಒಂದು ಅಲ್ಸೇಷನ್ ನಾಯಿಯ ಆಸೆ. ಕೆಲವರಂತೂ ನಾಯಿ ಬರುವ ಮೊದಲೇ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕವನ್ನು ಗೇಟಿಗೆ ತೂಗುಹಾಕಿದ್ದರು. ಓದು ಬಲ್ಲ ಕಳ್ಳರನ್ನು ತಡೆಯಲು ಅಷ್ಟೇ ಸಾಕೆಂದು ನಮ್ಮ ಮನೆಯವರ ಅಭಿಪ್ರಾಯ. ನಾನು ಒಪ್ಪಲಿಲ್ಲ. ಇಲ್ಲದ ನಾಯಿಯನ್ನು ಇದೆಯೆಂದು ಬರೆಯುವುದು ಸುಳ್ಳು, ಸುಳ್ಳನ್ನು ಕಬ್ಬಿಣದ ತಗಡಿನ ಮೇಲೆ ಬರೆಯುವುದು ಇನ್ನೂ ದೊಡ್ಡ ಸುಳ್ಳು ಎಂದು ವಾದಿಸಿ, ನಿಜವಾದ ನಾಯಿಯನ್ನೇ ತರಲು ಹೊರಟೆ.

ನಿಜವಾದ ನಾಯಿ ಸಿಗುವುದು ಮೇಜರ್ ಅವರ ಬಳಿ ಎಂಬುದರಲ್ಲಿ ಊರಿಗೆ ಸಂಶಯವಿರಲಿಲ್ಲ. ಮೇಜರ್ ಎಂಬುದು ಅವರ ಹೆಸರಲ್ಲ. ಖಾಕಿ ಚಡ್ಡಿ, ಮೊಣಕಾಲಿನವರೆಗಿನ ಕಾಲುಚೀಲ, ಮೇಲಕ್ಕೆ ತಿರುವಿದ ಮೀಸೆ, ಬಾಯಿ ತೆರೆದರೆ ಇಂಗ್ಲಿಷು. ಇಷ್ಟರ ಆಧಾರದ ಮೇಲೆ ಊರೇ ಅವರಿಗೆ ಆ ಪದವಿಯನ್ನು ಕೊಟ್ಟಿತ್ತು. ಅವರು ಯಾವ ಪಡೆಯಲ್ಲಿದ್ದರು, ಎಲ್ಲಿ ಕಾದಿದರು ಎಂದು ಯಾರೂ ಕೇಳಿರಲಿಲ್ಲ. ಯಾವುದೋ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರೆಂದು ಬಹಳ ದಿನಗಳ ಮೇಲೆ ತಿಳಿಯಿತು. ಅವರ ಮರಿಗಳಿಗೆ ಇದ್ದಂಥದೇ ವಂಶಾವಳಿ ಅವರ ಪದವಿಗೂ ಇತ್ತು.

ಅಲ್ಲಿ ಮರಿ ಕೊಳ್ಳುವುದು ಒಂದು ವಿಧಿಯ ಹಾಗೆ ನಡೆಯುತ್ತಿತ್ತು. ಬಂದವರನ್ನು ಮೇಜರ್ ಜಗಲಿಯ ಬೆತ್ತದ ಕುರ್ಚಿಗಳಲ್ಲಿ ಕೂರಿಸುತ್ತಿದ್ದರು. ಕಾಫಿ ಬರುತ್ತಿತ್ತು. ಎದುರಿಗೆ ಜಗಲಿಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಭವ್ಯವಾದ ಅಲ್ಸೇಷನ್ ಒಂದು ಮಲಗಿರುತ್ತಿತ್ತು. ಅದರ ಮೈಮೇಲೆ ಕೆಂಪು ಫ್ಲಾನೆಲ್ ಬಟ್ಟೆಯ ಹೊದಿಕೆ. ಬಾಣಂತಿಗೆ ಶೀತ ಆಗಬಾರದಲ್ಲ! ಅದೇ ರಾಣಿ. ಅದರ ಹೊಟ್ಟೆಯ ಬಳಿ ನಾಲ್ಕೋ ಐದೋ ಮರಿಗಳು ಹೊದಿಕೆಯ ಅಂಚಿನಲ್ಲಿ ಮೂತಿ ತೂರಿಸಿ ಕುಂಯ್‌ಗುಡುತ್ತಿರುತ್ತಿದ್ದವು.

"ಬ್ಲಡ್ ಲೈನ್ ನೋಡ್ಬೇಕು ಮೇಡಂ, ಬ್ಲಡ್ ಲೈನ್," ಎಂದಿದ್ದರು ಮೇಜರ್. "ಇವ್ಳ ಅಜ್ಜಿ ಹಡಗಲ್ಲಿ ಬಂದೋಳು."

ಅಜ್ಜಿ ಹಡಗಿನಲ್ಲಿ ಬಂದಳೆಂದ ಮೇಲೆ ಇನ್ನೇನು ಕೇಳುವುದು? ನಾನು ಭಕ್ತಿಯಿಂದ ಕಾಫಿ ಕುಡಿದು, ಮರಿಯನ್ನು ಮಡಿಲಿಗೆ ಹಾಕಿಕೊಂಡು, ನೀಲಿ ಕಾಗದ ಹಿಡಿದು ಬಂದೆ. ಕಾಗದದಲ್ಲಿ ಹುಟ್ಟಿದ ದಿನ, ತಾಯಿ ರಾಣಿ, ತಂದೆ ಬೆಂಗಳೂರಿನ ಯಾವುದೋ ಸುಲ್ತಾನ್ ಎಂದೆಲ್ಲ ಇದ್ದು, ಕೆಳಗೆ ಒಂದು ದುಂಡು ಮೊಹರಿತ್ತು. ಮೊಹರಿನ ಅಕ್ಷರಗಳನ್ನು ಭೂತಗನ್ನಡಿ ಹಿಡಿದರೂ ಓದಲಾಗುತ್ತಿರಲಿಲ್ಲ. ಓದಲಾಗದ್ದರಿಂದಲೇ ನನಗೆ ಅದರ ಮೇಲೆ ಗೌರವ ಹೆಚ್ಚಿತು. ಪ್ರತಿದಿನ ಬೆಳಗ್ಗೆ ಪ್ರಾರ್ಥನೆಗೆ ಬದಲಾಗಿ ಪ್ರಶ್ನೆ ಕೇಳಿಸುತ್ತಿದ್ದ ಶಾಲೆಯಲ್ಲಿ ಓದಿದವಳು ನಾನು. ಅಂದಿನ ಮಟ್ಟಿಗೆ ಆ ಶಾಲೆ ನನ್ನಿಂದ ಫೀಸು ತೆಗೆದುಕೊಂಡದ್ದು ದಂಡ.

ಮರಿ ಬೆಳೆಯಿತು. ಸ್ನಾನ ಮಾಡಿಸಿದ ಮೊದಲ ದಿನವೇ ಮೂತಿಯ ಕಪ್ಪು ಬಣ್ಣ ನೀರಿನಲ್ಲಿ ಹೋಯಿತು. ಕಿವಿ ನೆಟ್ಟಗಾಗಲೆಂದು ಮೇಜರ್ ಅಂಟಿಸಿ ಕೊಟ್ಟಿದ್ದ ಪ್ಲಾಸ್ಟರು ಉದುರಿ, ಕಿವಿಗಳು ಬಾಳೆ ಎಲೆಯ ತುದಿಯ ಹಾಗೆ ಬಗ್ಗಿದವು. ಬಾಲ ಮಾತ್ರ ಸುರುಳಿಯಾಗಿ ಬೆನ್ನಿನ ಮೇಲೆ ಏರಿ ಕುಳಿತಿತು. ನಮ್ಮ ಮನೆಯವರು ಪಾಳಿ ಮುಗಿಸಿ ಬಂದವರು ಅದನ್ನು ದಿಟ್ಟಿಸಿ ನೋಡಿ, "ಏನಮ್ಮಾ, ಕಿವಿ ನಿಲ್ತದೆ ಅಂದ್ರಲ್ಲ ನಿಮ್ಮ ಮೇಜರು? ಅದು ಬಾಲಕ್ಕೆ ಕೇಳಿಸ್ಬುಟ್ಟೈತೆ," ಎಂದರು. ಮೇಜರನ್ನು ಕೇಳಿದರೆ, "ರಾಗಿ ಮುದ್ದೆ ಹಾಕಿದ್ರಾ? ಮುಗೀತು. ಫಾರಿನ್ ಬ್ಲಡ್ಡು, ಮುದ್ದೆ ತಿಂದ್ರೆ ಬಾಲ ಸುತ್ಕೊಳ್ಳುತ್ತೆ," ಎಂದು ತಪ್ಪನ್ನು ನಮ್ಮ ಒಲೆಯ ಮೇಲೆ ಹಾಕಿದರು. ನಾವೂ ಮುದ್ದೆ ತಿಂದೇ ಬೆಳೆದವರು. ಯಾರಿಗೂ ಏನೂ ಸುತ್ತಿಕೊಂಡಿರಲಿಲ್ಲ.

ಹಾಗೆಂದು ಆ ನಾಯಿಯ ಮೇಲೆ ನನಗೆ ಬೇಸರವಾಯಿತೆಂದು ತಿಳಿಯಬೇಡಿ. ಅದು ನಮ್ಮನ್ನು ನಮ್ಮ ವಂಶಾವಳಿ ಕೇಳದೆ ಒಪ್ಪಿಕೊಂಡಿತ್ತು. ಮಂಡ್ಯದ ಕಡೆಯ ಆತಕೂರಿನಲ್ಲಿ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಸಾವಿರ ವರ್ಷಗಳ ಹಿಂದೆ ಕಲ್ಲು ನೆಟ್ಟು ಶಾಸನ ಬರೆಸಿದರೆಂದು ನೀವೂ ಕೇಳಿರಬಹುದು. ಆ ಕಲ್ಲು ನಾಯಿಯ ಕಾಳಗವನ್ನು ನೆನೆಯುತ್ತದೆ. ಅದರ ಅಜ್ಜಿ ಯಾವ ಹಡಗಿನಲ್ಲಿ ಬಂದಳೆಂದು ಹೇಳಿದಂತೆ ಕಾಣೆ. ಕನ್ನಡ ನಾಡಿನಲ್ಲಿ ನಾಯಿಯ ಗೌರವ ಒಂದು ಕಾಲಕ್ಕೆ ಅದು ಮಾಡಿದ ಕೆಲಸದಿಂದ ಬರುತ್ತಿತ್ತು. ನಮ್ಮ ಕಾಲಕ್ಕೆ ನೀಲಿ ಕಾಗದದಿಂದ ಬರತೊಡಗಿತ್ತು. ನನಗಾದ ಮೋಸ ಇಷ್ಟೇ ಆಗಿದ್ದರೆ ನಾನದನ್ನು ನಗುತ್ತ ನುಂಗಿಕೊಂಡು, ನೀಲಿ ಕಾಗದವನ್ನು ಅಲಮಾರಿಯ ತಳಕ್ಕೆ ಹಾಸಿಬಿಡುತ್ತಿದ್ದೆ.

ಆದರೆ ನಸೀಮಾ ಅತ್ತಳು.

ನಸೀಮಾ ನನ್ನ ಒಂಬತ್ತನೆಯ ತರಗತಿಯ ಹುಡುಗಿ. ಅವಳ ತಂದೆ ಬಳೆ ಅಂಗಡಿಯವರು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದುದಕ್ಕಾಗಿ ಅವರು ಮಗಳಿಗೆ ಮೇಜರ್ ಅವರಿಂದ ಒಂದು ಮರಿ ಕೊಡಿಸಿದ್ದರು. ಎಂಟು ವಾರದ್ದೆಂದು ಹೇಳಿ ಕೊಟ್ಟ ಆ ಮರಿಗೆ ಇನ್ನೂ ಸರಿಯಾಗಿ ಹಲ್ಲೇ ಬಂದಿರಲಿಲ್ಲ. ಹೊಟ್ಟೆ ಮಾತ್ರ ಗಡಿಗೆಯ ಹಾಗಿತ್ತು. ಅದು ಜಂತುಹುಳುವಿನ ಹೊಟ್ಟೆ. ಮೇಜರ್ ಅದನ್ನು 'ಹೆಲ್ತಿ' ಎಂದಿದ್ದರು. ಹತ್ತು ದಿನಕ್ಕೆ ಮರಿ ಸತ್ತಿತು. ತಂದೆ ಮಗಳು ಕೇಳಲು ಹೋದಾಗ ಮೇಜರ್ ಹುಡುಗಿಯನ್ನೇ ನೋಡುತ್ತ, "ಹಸುವಿನ ಹಾಲು ಹಾಕಿದ್ಯಾ? ಹಾಗಾದ್ರೆ ನೀನೇ ಸಾಯ್ಸಿದ್ದು," ಎಂದುಬಿಟ್ಟರು.

ಮರುದಿನ ತರಗತಿಯಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಅವಳು ಬೆಂಚಿನಲ್ಲೇ ಕೂತಿದ್ದಳು. "ಮಿಸ್, ನಂಗೆ ಗೊತ್ತಿರ್ಲಿಲ್ಲ ಮಿಸ್. ಅದು ಅಳ್ತಿತ್ತು ಅಂತ ಹಾಲು ಕೊಟ್ಟೆ. ನಾನೇ ಸಾಯ್ಸ್‌ಬಿಟ್ಟೆ," ಎಂದಳು.

ಮೋಸಗಾರರು ಹಣ ಕಿತ್ತುಕೊಳ್ಳುತ್ತಾರೆಂಬುದು ಎಲ್ಲರಿಗೂ ಗೊತ್ತು. ಅವರು ಹೋಗುವಾಗ ತಮ್ಮ ಅಪರಾಧವನ್ನೂ ಕೊಂಡವರ ಮಡಿಲಿಗೆ ಹಾಕಿ ಹೋಗುತ್ತಾರೆಂಬುದನ್ನು ನಾನು ಅಂದು ಕಂಡೆ. ಮನೆಗೆ ಬಂದವಳೇ ಕಾಗದ ತೆಗೆದುಕೊಂಡೆ.

ಪತ್ರ ಬರೆಯುವುದು ನನಗೆ ಹೊಸದಲ್ಲ. ಸೀಮೆಎಣ್ಣೆಯ ಅಂಗಡಿಯಲ್ಲಿ ಅಳತೆಯ ಡಬ್ಬಿ ಸೊಟ್ಟಗಿದ್ದುದರ ಬಗ್ಗೆ, ಆಸ್ಪತ್ರೆಯ ಗೋಡೆಗೆ ಹೆಂಗಸರನ್ನು ಹೀಯಾಳಿಸುವ ಜಾಹೀರಾತು ಅಂಟಿಸಿದ್ದರ ಬಗ್ಗೆ, ನಲ್ಲಿಯ ಬಳಿ ಕೆಲವರ ಕೊಡಗಳನ್ನು ಬೇರೆ ಸಾಲಿನಲ್ಲಿ ಇಡಿಸುತ್ತಿದ್ದುದರ ಬಗ್ಗೆ ಊರಿನ ವಾರಪತ್ರಿಕೆಯೊಂದಕ್ಕೆ ನಾನು ಬರೆದ ಪತ್ರಗಳು ಎಷ್ಟಿದ್ದವೆಂದರೆ, ಸಂಪಾದಕರು ನನ್ನನ್ನು ಬೀದಿಯಲ್ಲಿ ಕಂಡರೆ ಸೈಕಲ್ಲಿನಿಂದ ಇಳಿಯದೆ ಕೈಮುಗಿಯುತ್ತಿದ್ದರು. ಇಳಿದರೆ ನಾನು ಇನ್ನೊಂದನ್ನು ಕೊಟ್ಟೇನೆಂಬ ಭಯ. ಈ ಸಲದ ಪತ್ರದಲ್ಲಿ ನಾನು ಯಾವುದನ್ನೂ ಬಿಡಲಿಲ್ಲ. ಮೂತಿಗೆ ಬಳಿದ ಕಾಡಿಗೆ, ಕಿವಿಗೆ ಅಂಟಿಸಿದ ಪ್ಲಾಸ್ಟರು, ತಾಯಿಯ ಹಾಲು ಬಿಡದ ಕೂಸನ್ನು ಎಂಟು ವಾರದ್ದೆಂದು ಮಾರುವ ಕ್ರೌರ್ಯ, ಹುಳುವಿನ ಹೊಟ್ಟೆಯನ್ನು ಆರೋಗ್ಯವೆಂದು ಕರೆಯುವ ಧೈರ್ಯ, ಓದಲಾಗದ ಮೊಹರು, ಕೊನೆಗೆ ಸತ್ತ ಮರಿಯ ಪಾಪವನ್ನು ಮಗುವಿನ ತಲೆಗೆ ಕಟ್ಟುವ ನೀಚತನ. ಮೇಜರ್ ಅವರ ಹೆಸರನ್ನೂ ಬರೆದೆ. ಹೆಸರಿಲ್ಲದ ದೂರು ಗೋಡೆಯ ಕಡೆ ಮುಖ ಮಾಡಿ ಬೈದಂತೆ ಎಂದು ನನ್ನ ನಂಬಿಕೆ.

ಪತ್ರ ಅಚ್ಚಾದ ವಾರದಲ್ಲೇ ಶಾಲೆಯ ಆಡಳಿತ ಸಮಿತಿಯಿಂದ ಕರೆ ಬಂತು. ಸಮಿತಿಯ ಅಧ್ಯಕ್ಷರು ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಮೃದು ಸ್ವಭಾವದವರು, ಮೇಜರ್ ಅವರ ಸ್ನೇಹಿತರು. ಸಾಲದ್ದಕ್ಕೆ, ಅವರ ಮನೆಯಲ್ಲೂ ರಾಣಿಯ ಮರಿಯೊಂದು ಟೈಗರ್ ಎಂಬ ಹೆಸರಿನಲ್ಲಿ ಬೆಳೆಯುತ್ತಿತ್ತು.

"ನೋಡಿ ಟೀಚರಮ್ಮ," ಎಂದರು ಅಧ್ಯಕ್ಷರು, "ನೀವು ಪತ್ರ ಬರೀಬ್ಯಾಡಿ ಅನ್ನಲ್ಲ. ನಲ್ಲಿ ಬಗ್ಗೆ ಬರೀರಿ, ಚರಂಡಿ ಬಗ್ಗೆ ಬರೀರಿ. ಚರಂಡಿಗೆ ಮಾನ ಇರಲ್ಲ. ಮನುಷ್ಯನಿಗೆ ಇರ್ತದೆ."

"ಒಂಬತ್ತನೇ ಕ್ಲಾಸಿನ ಹುಡುಗಿಗೂ ಇರುತ್ತೆ ಸಾರ್," ಎಂದೆ.

ಅವರು ಟೈಪು ಮಾಡಿಸಿದ್ದ ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿದರು. ಅದು ಕ್ಷಮಾಪಣೆಯ ಪತ್ರ. ಬರೆದವಳು ನಾನು, ಬರೆಸಿದವರು ಮೇಜರ್. ವಿಷಯ ತಿಳಿಯದೆ ಆತುರದಿಂದ ಬರೆದೆನೆಂದಿತ್ತು. ಅದನ್ನು ಹೇಗೋ ಸಹಿಸಬಹುದಿತ್ತು. ಗೌರವಾನ್ವಿತರ ಮನಸ್ಸನ್ನು ನೋಯಿಸಿದೆನೆಂದಿತ್ತು, ಅದೂ ಇರಲಿ. ಕೊನೆಯ ಸಾಲು ಹೀಗಿತ್ತು: 'ಮರಿಗಳು ಸತ್ತಿರುವುದು ಸಾಕಿದವರ ಅಜಾಗರೂಕತೆಯಿಂದ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.' ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸಹಿ ಹಾಕದಿದ್ದರೆ ಆಗುವುದಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಸಹಿ ಹಾಕಿದರೆ, ಅಚ್ಚಾದ ಅಕ್ಷರಗಳಲ್ಲಿ, ವಿಜ್ಞಾನದ ಟೀಚರ ಹೆಸರಿನ ಕೆಳಗೆ, ಮರಿಯನ್ನು ಕೊಂದವಳು ನಸೀಮಾ ಎಂದಾಗುತ್ತಿತ್ತು.

ನಾನು ಸಹಿ ಹಾಕಲಿಲ್ಲ. ಅಧ್ಯಕ್ಷರು ನಿಟ್ಟುಸಿರು ಬಿಟ್ಟು ಒಂದು ದಾರಿ ಹೇಳಿದರು. ಭಾನುವಾರ ಎಲ್ಲರೂ ಮೇಜರ್ ಮನೆಗೆ ಹೋಗುವುದು, ತಾಯಿಯನ್ನು ಕಣ್ಣಾರೆ ನೋಡುವುದು, ನೋಡಿದ ಮೇಲೆ ನಾನು ತಕರಾರಿಲ್ಲದೆ ಸಹಿ ಹಾಕುವುದು. ನನ್ನ ಕಡೆಯಿಂದಲೂ ಒಬ್ಬರನ್ನು ಕರೆತರಬಹುದು.

ಆ ವಾರವೆಲ್ಲ ನಾನು ಪುರಾವೆ ಕಲೆಹಾಕಿದೆ. ನನ್ನ ನೀಲಿ ಕಾಗದ, ನಸೀಮಾಳ ನೀಲಿ ಕಾಗದ, ಕೊತ್ತಗೆರೆಯ ರೈತರೊಬ್ಬರ ನೀಲಿ ಕಾಗದ. ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ಮರಿಗಳು ಹುಟ್ಟಿದ ದಿನಗಳನ್ನು ಹೋಲಿಸಿದೆ. ನಾಯಿಯ ಗರ್ಭ ಒಂಬತ್ತು ವಾರದ್ದು. ಕಾಗದಗಳ ಪ್ರಕಾರ ರಾಣಿ ಒಂದೇ ಬೇಸಿಗೆಯಲ್ಲಿ ಮೂರು ಸಲ ಹೆತ್ತಿದ್ದಳು! ವಿಜ್ಞಾನ ಗೆದ್ದಿತೆಂದುಕೊಂಡೆ. ಸಾಕ್ಷಿಗೆ ನಮ್ಮ ಶಾಲೆಯ ಪದವೀಧರ ಉಪಾಧ್ಯಾಯರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಆ ಭಾನುವಾರ ಎಲ್ಲರ ಮನೆಯಲ್ಲೂ ನೆಂಟರು ಬರುವವರಿದ್ದರು. ನಮ್ಮ ಮನೆಯವರಿಗೆ ಪಾಳಿ. "ನಮ್ಮ ಬಾಬಾಜಾನ್ ಚಾಚಾನ ಕರ್ಕೊಂಡು ಹೋಗು," ಎಂದರು ಅವರು.

ಬಾಬಾಜಾನ್ ಅವರು ಹಿಂದಿನ ಬೀದಿಯಲ್ಲಿದ್ದ ಮುದುಕರು. ವಯಸ್ಸೆಲ್ಲ ಕುಣಿಗಲ್ಲಿನಲ್ಲಿ ಕುದುರೆಗಳ ಚಾಕರಿ ಮಾಡಿ, ಈಗ ಮಗನ ಸೈಕಲ್ ಷಾಪಿನ ಮುಂದೆ ಎಲೆ ಅಡಿಕೆ ಜಗಿಯುತ್ತ ಕೂರುತ್ತಿದ್ದವರು. ಅವರಿಗೆ ಓದು ಬಾರದು. ಒಳಗೊಳಗೇ ನನಗೆ ನಿರಾಸೆಯಾಯಿತು. ಪದವೀಧರರೇ ಇಲ್ಲದ ಮೇಲೆ ಇವರು ಬಂದೇನು ಎಂದುಕೊಂಡೆ. ಎಲ್ಲರ ತಪ್ಪನ್ನೂ ಹೆಸರಿಟ್ಟು ಬರೆಯುವವಳು ಇದನ್ನೂ ಬರೆಯಬೇಕಲ್ಲ, ಬರೆದಿದ್ದೇನೆ.

ಭಾನುವಾರ ಬೆಳಗ್ಗೆ ಹತ್ತಕ್ಕೆ ನಾವೆಲ್ಲ ಮೇಜರ್ ಅವರ ಜಗಲಿಯಲ್ಲಿದ್ದೆವು. ಅಧ್ಯಕ್ಷರು, ಸಮಿತಿಯ ಇನ್ನಿಬ್ಬರು, ನಾನು. ನಾಲ್ಕು ಬೆತ್ತದ ಕುರ್ಚಿಗಳು ಸರಿಯಾಗಿ ತುಂಬಿದವು. ಬಾಬಾಜಾನ್ ಅವರಿಗೆ ಕುರ್ಚಿ ಇರಲಿಲ್ಲ. ಅವರು ಯಾರ ಅಪ್ಪಣೆಯನ್ನೂ ಕಾಯದೆ ಕೆಳಗಿನ ಮೆಟ್ಟಿಲ ಮೇಲೆ, ಕ್ರೋಟನ್ ಕುಂಡದ ಪಕ್ಕ, ಕೋಲನ್ನು ಮಂಡಿಗೆ ಒರಗಿಸಿ ಕುಳಿತರು. ಮೂಲೆಯಲ್ಲಿ ರಾಣಿ, ಕೆಂಪು ಫ್ಲಾನೆಲ್, ನಾಲ್ಕು ಮರಿಗಳು.

ನಾನು ಎದ್ದು ನಿಂತು, ಮೂರು ಕಾಗದಗಳನ್ನು ಹರಡಿ, ಸಸ್ತನಿಗಳ ಗರ್ಭಾವಧಿಯ ಬಗ್ಗೆ ಕಾಲು ಗಂಟೆ ಮಾತಾಡಿದೆ. ಇದಕ್ಕಿಂತ ಸ್ಪಷ್ಟವಾಗಿ ನಾನು ಯಾವ ಪಾಠವನ್ನೂ ಮಾಡಿಲ್ಲ. ಅಧ್ಯಕ್ಷರು ಮೇಜರ್ ಕಡೆ ತಿರುಗಿದರು. ಮೇಜರ್ ಮೀಸೆ ತಿರುವಿ ಹೇಳಿದರು: "ಅದು ಕಂಟ್ರಿ ಡಾಗ್ಸ್ ಲೆಕ್ಕ. ಇದು ಫಾರಿನ್ ಬ್ಲಡ್ಡು. ಇವಳ ಸಿಸ್ಟಮ್ಮೇ ಬೇರೆ."

"ಇರಬೌದು," ಎಂದು ಸಮಿತಿಯವರೊಬ್ಬರು ತಲೆದೂಗಿದರು. "ವಿಲಾಯಿತಿ ಹಸುಗಳು ದಿನಕ್ಕೆ ಬಿಂದಿಗೆಗಟ್ಲೆ ಹಾಲು ಕೊಡಲ್ವೇ? ಹಂಗೇಯ."

ಒಂಬತ್ತು ವಾರಗಳ ವಿಜ್ಞಾನ ಒಂದು ಬಿಂದಿಗೆ ಹಾಲಿನಲ್ಲಿ ಕೊಚ್ಚಿಕೊಂಡು ಹೋಯಿತು. ಅಧ್ಯಕ್ಷರು ಟೈಪಾದ ಹಾಳೆಯನ್ನು ಟೀಪಾಯಿಯ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಹಿಡಿದರು. "ಟೀಚರಮ್ಮ, ಸಹಿ ಹಾಕ್ಬುಡಿ. ಎಲ್ರಿಗೂ ಕೆಲ್ಸ ಐತೆ." ನಾನು ಪೆನ್ನನ್ನು ಕೈಗೆ ತೆಗೆದುಕೊಂಡೆ. ಕೊನೆಯ ಸಾಲನ್ನಾದರೂ ಹೊಡೆದುಹಾಕಿ ಸಹಿ ಮಾಡಲು ಬಿಡುತ್ತಾರೆಯೇ ಎಂದು ಕೇಳಲು ಬಾಯಿ ತೆರೆದಿದ್ದೆ. ಅಷ್ಟು ಸೋತಿದ್ದೆ.

"ಒಸಿ ತಡೀರಿ ಟೀಚರಮ್ಮ," ಎಂದಿತು ಮೆಟ್ಟಿಲಿನಿಂದ ಒಂದು ದನಿ.

ಬಾಬಾಜಾನ್ ಅವರು ನಾಲಿಗೆಯನ್ನು ಅಂಗುಳಿಗೆ ತಾಗಿಸಿ, ಕುದುರೆಯನ್ನು ಲಾಯದಿಂದ ಕರೆಯುವಾಗ ಮಾಡುವಂಥ, ಟೊಕ್ ಟೊಕ್ ಎಂಬ ಸದ್ದು ಮಾಡಿದರು. 'ರಾಣಿ, ರಾಣಿ' ಎಂದು ಮೇಜರ್ ಎಷ್ಟು ಕರೆದರೂ ಕಿವಿ ಅಲ್ಲಾಡಿಸದ ಆ ನಾಯಿ ತಲೆ ಎತ್ತಿತು. ಇನ್ನೊಮ್ಮೆ ಟೊಕ್ ಟೊಕ್. ನಾಯಿ ಎದ್ದಿತು. ಮರಿಗಳು ಪಕ್ಕಕ್ಕೆ ಉರುಳಿದವು. ಫ್ಲಾನೆಲ್ ಜಾರಿ ಗೋಣಿಯ ಮೇಲೆ ಬಿತ್ತು. ಅದು ಸುದೀರ್ಘವಾಗಿ ಮೈಮುರಿದು, ಸಮಿತಿಯ ಮುಂದೆ ಗಂಭೀರವಾಗಿ ನಡೆದು ಬಂದು, ಕ್ರೋಟನ್ ಕುಂಡದ ಬಳಿ ನಿಂತು, ಒಂದು ಹಿಂಗಾಲನ್ನು ಎತ್ತಿತು.

ಬಹಳ ಹೊತ್ತು ಎತ್ತಿತ್ತು. ಬಹಳ ಹೊತ್ತಿನಿಂದ ಕಟ್ಟಿಕೊಂಡಿತ್ತೆಂದು ಕಾಣುತ್ತದೆ.

"ಸ್ವಾಮಿ," ಎಂದರು ಬಾಬಾಜಾನ್ ಅವರು, ಎಲೆ ಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿ, "ಪ್ರಾಣಿಗಳ ಜೊತೆ ಐವತ್ತು ವರ್ಷ ಇದ್ದೋನು ನಾನು. ಬಾಣಂತಿ ಕಾಲೆತ್ತಿದ್ದು ನೋಡಿದ್ದು ಇದೇ ಫಸ್ಟು. ಒಸಿ ಬಗ್ಗಿ ನೋಡಿ. ಬಾಣಂತಿಗೆ ಇರಬಾರ್ದಿದ್ದೆಲ್ಲ ಐತೆ."

ಅಧ್ಯಕ್ಷರು ಬಗ್ಗಿದರು. ಸಮಿತಿಯವರಿಬ್ಬರೂ ಬಗ್ಗಿದರು. ನಾನೂ ಬಗ್ಗಿದೆ.

ನನ್ನ ಅವಮಾನದ ಆಳವನ್ನು ನೀವು ಅಳೆಯಬೇಕಾದರೆ ಒಂದು ಸಂಗತಿ ಹೇಳಬೇಕು. ನಮ್ಮ ಶಾಲೆಯಲ್ಲಿ ಸಂತಾನೋತ್ಪತ್ತಿಯ ಪಾಠವನ್ನು 'ಮನೆಯಲ್ಲಿ ಓದಿಕೊಳ್ಳಿ' ಎಂದು ದಾಟಿಸಿಬಿಡುವ ಪದ್ಧತಿಯಿತ್ತು. ಅದನ್ನು ವಿರೋಧಿಸಿ, ಬಾಗಿಲು ತೆರೆದಿಟ್ಟುಕೊಂಡೇ ಆ ಪಾಠ ಮಾಡಿದ ಮೊದಲ ಉಪಾಧ್ಯಾಯಿನಿ ನಾನು. ಕಪ್ಪುಹಲಗೆಯ ಮೇಲೆ ಚಿತ್ರ ಬರೆದವಳು. ಅಂಥವಳು ಎರಡು ಸಲ ಈ ಜಗಲಿಗೆ ಬಂದು, ಪರರ ಮನೆಯಲ್ಲಿ ಬಾಣಂತಿಯ ಹೊದಿಕೆಯ ಕೆಳಗೆ ಇಣುಕುವುದು ಮರ್ಯಾದೆಯಲ್ಲವೆಂದು ಕಣ್ಣು ತಗ್ಗಿಸಿ ಕಾಫಿ ಕುಡಿದಿದ್ದೆ. ಇಡೀ ತುಮಕೂರಿನ ಗೃಹಸ್ಥರು ಹಾಗೆಯೇ ಕುಡಿದಿದ್ದರು. ಮೇಜರ್ ಅವರ ಬಂಡವಾಳ ಆ ನಾಯಿಯಲ್ಲ, ನೀಲಿ ಕಾಗದವೂ ಅಲ್ಲ, ನಮ್ಮ ಸಭ್ಯತೆ. ಅವರು ಒಂದು ಗಜ ಫ್ಲಾನೆಲ್ ಹಾಕಿದರು, ಮಿಕ್ಕದ್ದನ್ನು ನಮ್ಮ ನಾಚಿಕೆ ಮುಚ್ಚಿತು. ಕುರ್ಚಿ ಸಿಕ್ಕಿದವರೆಲ್ಲರಿಗೂ ನಾಯಿಯ ಬೆನ್ನು ಕಾಣುತ್ತಿತ್ತು. ಕುರ್ಚಿ ಕೊಡದೆ ಮೆಟ್ಟಿಲಲ್ಲಿ ಕೂರಿಸಿದವರೊಬ್ಬರಿಗೆ ಮಾತ್ರ ಹೊಟ್ಟೆ ಕಾಣುತ್ತಿತ್ತು. ಆ ಕುರ್ಚಿಯನ್ನು ಕೇಳಬೇಕಾಗಿದ್ದವಳು ನಾನು, ಕೇಳಿರಲಿಲ್ಲ. ನನ್ನ ಆ ತಪ್ಪಿನಿಂದಲೇ ನನಗೆ ನ್ಯಾಯ ಸಿಕ್ಕಿತೆಂಬುದು ಇಂದಿಗೂ ನನ್ನನ್ನು ಪೂರ್ತಿ ಹೆಮ್ಮೆಪಡಲು ಬಿಡುವುದಿಲ್ಲ.

ಮೇಜರ್ ಚೇತರಿಸಿಕೊಂಡರು. "ಓ, ದಿಸ್ ಈಸ್ ದಿ ಫಾದರ್. ಮದರ್ ಒಳಗೆ ರೆಸ್ಟ್ ತಗೋತಿದೆ."

"ಕರೀರಿ ಹಂಗಾದ್ರೆ," ಎಂದರು ಅಧ್ಯಕ್ಷರು, ಇನ್ನೂ ಅರ್ಧ ಬಗ್ಗಿಕೊಂಡೇ.

ಬಾಗಿಲಲ್ಲಿ ಕಾಣಿಸಿಕೊಂಡದ್ದು ಮೇಜರ್ ಅವರ ಹೆಂಡತಿ, ಕಾಫಿಯ ತಟ್ಟೆ ಹಿಡಿದು. ಅಷ್ಟು ವರ್ಷ ಅವರು ಮಾತಾಡಿದ್ದನ್ನು ಬಂದವರು ಯಾರೂ ಕೇಳಿರಲಿಲ್ಲವೆಂದು ತೋರುತ್ತದೆ. ಅಂದು ಮಾತಾಡಿದರು.

"ಯಾವ ಮದರ್ರು? ಗುಬ್ಬಿ ಬಸ್ಸಲ್ಲಿ ಬುಟ್ಟಿ ಬಂದಾಗಿಂದ ಬತ್ತಿ ಹಾಲಲ್ಲಿ ಅದ್ದಿ ಅದ್ದಿ ಇವುಗಳ ಬಾಯಿಗೆ ಇಡ್ತಿರೋಳು ನಾನು. ನಿದ್ದೆ ಕಂಡು ವಾರ ಆಯ್ತು. ಸತ್ತದ್ದನ್ನ ಹಿತ್ಲಲ್ಲಿ ಹೂಳೋಳೂ ನಾನೇ. ತಾಯಿನ ತೋರಿಸ್ಬೇಕು ಅಂದ್ರೆ ನನ್ನೇ ತೋರ್ಸಿ ಇವ್ರಿಗೆ." ತಟ್ಟೆಯನ್ನು ಟೀಪಾಯಿಯ ಮೇಲೆ ಕುಕ್ಕಿದರು. ಕಾಫಿ ತುಳುಕಿ ಕ್ಷಮಾಪಣೆಯ ಹಾಳೆಯ ಮೇಲೆ ಹರಿಯಿತು. ಯಾರೂ ಅದನ್ನು ಒರೆಸಲಿಲ್ಲ.

"ಗುಬ್ಬಿ ಬಸ್ಸಾ?" ಎಂದರು ಗುಬ್ಬಿಯ ಅಧ್ಯಕ್ಷರು. "ಗುಬ್ಬೀಲಿ ಎಲ್ಲಿಂದ?"

"ಯಾವ್ದೋ ಕೊಬ್ಬರಿ ಮಂಡಿ ಹಿಂದೆ ಇರ್ತವಂತೆ."

ಗುಬ್ಬಿಯಲ್ಲಿ ಕೊಬ್ಬರಿ ಮಂಡಿಗಳು ಹಲವಿದ್ದವು. ಆದರೆ ಅಧ್ಯಕ್ಷರ ಮುಖ ನೋಡಿದರೆ ಅವರು ಒಂದನ್ನೇ ನೆನೆಯುತ್ತಿದ್ದಂತಿತ್ತು. "ನಮ್ಮ ಹೆಂಗಸ್ರು ದಿನಾ ಬಡ್ಕೊತಿದ್ರು," ಎಂದರು ಮೆಲ್ಲಗೆ. "ಟೈಗರ್ರು ನಮ್ಮ ಮಂಡಿ ಹಿಂದಿನ ಕೆಂದ ನಾಯಿ ಥರಾನೇ ಬಗುಳ್ತದೆ ಅಂತ." ತಮ್ಮ ಹಿತ್ತಿಲಿನಲ್ಲಿ ಹುಟ್ಟಿದ ಮರಿಯನ್ನು ಅವರು ತುಮಕೂರಿಗೆ ಬಂದು, ಕಾಫಿ ಕುಡಿದು, ಹಡಗಿನ ಅಜ್ಜಿಯ ಕಥೆ ಕೇಳಿ, ಕಾರಿನಲ್ಲಿ ಮರಳಿ ಕರೆದೊಯ್ದಿದ್ದರು. ಬಾಬಾಜಾನ್ ಅವರು ಕೋಲು ಊರಿಕೊಂಡು ಎದ್ದು, "ಹೋಗ್ಲಿ ಬುಡಿ ಸ್ವಾಮಿ, ಪಾಪ, ಅದು ಊರು ನೋಡ್ಕೊಂಡು ಬಂತು," ಎಂದು ಸಮಾಧಾನ ಹೇಳಿದರು.

ಅಧ್ಯಕ್ಷರಿಗೆ ಕೋಪ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವರು ಮೇಜರ್ ಕಡೆ ನೋಡದೆ, ಒದ್ದೆ ಹಾಳೆಯನ್ನು ಮುದ್ದೆ ಮಾಡಿ ಗೋಣಿಯ ಮೇಲೆ ಎಸೆದು, "ಟೀಚರಮ್ಮ, ಪತ್ರ ಬರೀಬೇಕಾದೋರು ನೀವಲ್ಲ. ಇವ್ರು. ಏನು ಬರೀಬೇಕು ಅಂತ ನೀವೇ ಹೇಳಿ," ಎಂದರು. ನಾನು ಮೊದಲು ಮಾಡಿದ ಕೆಲಸವೆಂದರೆ ನನ್ನ ಕುರ್ಚಿಯನ್ನು ಬಾಬಾಜಾನ್ ಅವರಿಗೆ ಎಳೆದುಕೊಟ್ಟದ್ದು. ಅವರು ಬೇಡವೆಂದರು. ಸೊಂಟ ಹಿಡಿಯುತ್ತದಂತೆ.

ಬರೆಸುವ ಅವಕಾಶ ಸಿಕ್ಕಾಗ ನನ್ನೊಳಗಿನ ಪತ್ರಲೇಖಕಿ ಹಿಗ್ಗಿದಳು. ಹದಿನೇಳು ಅಂಶಗಳು, ಮೂರು ಎಚ್ಚರಿಕೆಗಳು, ಸಮಾಜಕ್ಕೊಂದು ಕರೆ. ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಆದರೆ ಪೆನ್ನು ಹಿಡಿದು ಕೂತ ಮೇಜರ್ ಮೀಸೆ ಇಳಿಬಿದ್ದು, ಯಾರೋ ಉಗ್ರಾಣದ ಗುಮಾಸ್ತರ ಹಾಗೆಯೇ ಕಾಣುತ್ತಿದ್ದರು. ನನಗೆ ಅಷ್ಟೊಂದು ಬೇಡವೆನಿಸಿತು. ಎರಡೇ ವಾಕ್ಯ ಹೇಳಿದೆ. ಮಾರಿದ ಮರಿಗಳು ಅಲ್ಸೇಷನ್ ಅಲ್ಲ, ಇನ್ನು ಮುಂದೆ ಮಾರುವುದಿಲ್ಲ ಎಂಬುದೊಂದು. ಸತ್ತ ಮರಿಗಳು ತಾಯಿಯಿಂದ ಬೇಗ ಅಗಲಿಸಿದ್ದರಿಂದ ಸತ್ತವು, ಸಾಕಿದವರು ಯಾರೂ ಅದಕ್ಕೆ ಕಾರಣರಲ್ಲ ಎಂಬುದು ಇನ್ನೊಂದು. ಪತ್ರ ಮುಂದಿನ ವಾರ ಅದೇ ಪತ್ರಿಕೆಯಲ್ಲಿ, ಅದೇ ಪುಟದಲ್ಲಿ, ಅವರ ನಿಜವಾದ ಹೆಸರಿನೊಂದಿಗೆ ಅಚ್ಚಾಯಿತು. ಸಂಪಾದಕರು ಬೀದಿಯಲ್ಲಿ ನನ್ನನ್ನು ಕಂಡು, ಮೊದಲ ಬಾರಿಗೆ, ಸೈಕಲ್ಲಿನಿಂದ ಇಳಿದರು. ರಾಣಿಯ ಕೆಂಪು ಫ್ಲಾನೆಲ್ ಒಗೆದು ಮೇಜರ್ ಮನೆಯ ತಂತಿಯ ಮೇಲೆ ಬಹಳ ದಿನ ತೂಗುತ್ತಿತ್ತೆಂದು, ಆ ನಾಯಿ ಮಾತ್ರ ಈಗ ಯಾವ ಹೊದಿಕೆಯೂ ಇಲ್ಲದೆ ಗಂಡಸಿನ ಹಾಗೆ ಬಿಸಿಲು ಕಾಯಿಸುತ್ತದೆಂದು ಆ ಬೀದಿಯವರು ಹೇಳುತ್ತಿದ್ದರು. ವರ್ಷ ಕಳೆಯುವ ಮೊದಲು ನನ್ನ ಕೆಲಸ ಖಾಯಂ ಆಯಿತು.

ನಸೀಮಾ ಪತ್ರಿಕೆಯ ಆ ತುಂಡನ್ನು ಕತ್ತರಿಸಿ ವಿಜ್ಞಾನದ ನೋಟುಪುಸ್ತಕದಲ್ಲಿ ಅಂಟಿಸಿಕೊಂಡಿದ್ದಳು. ಪುಸ್ತಕ ತಿದ್ದುವಾಗ ಕಂಡೆ. 'ಕಾರಣರಲ್ಲ' ಎಂಬ ಮಾತಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಳು. ನಾನು ಆ ಪುಟಕ್ಕೆ ಸರಿ ಗುರುತು ಹಾಕಿ ಕೊಟ್ಟೆ.

ಕೆಲವು ತಿಂಗಳ ಮೇಲೆ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. "ಮಿಸ್, ಅಬ್ಬಾ ಇನ್ನೊಂದು ಮರಿ ತಗೋ ಅಂದ್ರು. ನಾನೇ ಹುಡುಕ್ಕೊಂಡಿದೀನಿ. ನಮ್ಮ ಅಂಗಡಿ ಹಿಂದೆ, ಕಟ್ಟಿಗೆ ಡಿಪೋ ಹತ್ರ. ಪೇಪರ್ರು ಗೀಪರ್ರು ಏನಿಲ್ಲ."

"ಪೇಪರ್ ಬೇಡ. ತಾಯಿಯನ್ನು ನೋಡಿದೆಯಾ?"

"ನೋಡ್ದೆ ಮಿಸ್." ಅವಳು ಲಂಗದ ಅಂಚನ್ನು ಮುಂದೆ ಹಿಡಿದು ತೋರಿಸಿದಳು. ಅಲ್ಲಿ ಬಟ್ಟೆ ಹರಿದಿತ್ತು. "ಮರೀನ ಮುಟ್ಟೋಕ್ ಹೋದ್ರೆ ಹಲ್ಲು ಕಿರ್ಕೊಂಡು ಓಡಿಸ್ಕೊಂಡ್ ಬಂತು. ಡಿಪೋ ಗೇಟ್‌ವರೆಗೂ ಬಿಡ್ಲಿಲ್ಲ."

ನಾನು ಹರಿದ ಲಂಗವನ್ನು, ಆಮೇಲೆ ಅವಳ ಮುಖವನ್ನು ನೋಡಿದೆ. ಹುಡುಗಿ ನಗುತ್ತಿದ್ದಳು.

"ಹಾಗಾದರೆ ತಾಯಿಯೇ ಸರಿ," ಎಂದೆ. "ಮರಿಯನ್ನು ಇನ್ನೂ ನಾಲ್ಕು ವಾರ ಅದರ ಹತ್ತಿರವೇ ಬಿಡು. ದಿನಾ ಒಂದು ರೊಟ್ಟಿ ತಗೊಂಡು ಹೋಗಿ, ಅದು ಕೊಡೋವರೆಗೂ ಕಾಯಿ."